ರೆಕ್ಕೆಯ ಹಿಂದಿನ ಕಿಟಕಿ

ನಮ್ಮ ನಾಗರತ್ನಾ ಅತ್ತೆ ಯಾವುದಕ್ಕೆಲ್ಲ ಅಂಜುತ್ತಾಳೆ ಎಂದು ಹೇಳಲು ಹೊರಟರೆ ಸಂಜೆಯಾಗುತ್ತದೆ. ಕುಕ್ಕರಿಗೆ ಅಂಜುತ್ತಾಳೆ; ಸೀಟಿ ಹೊಡೆಯುವ ಹೊತ್ತಾಯಿತೆಂದರೆ ಅಡುಗೆಮನೆ ಬಿಟ್ಟು ಪಡಸಾಲೆಗೆ ಬಂದು ನಿಲ್ಲುತ್ತಾಳೆ. ಗುಡುಗಿಗೆ ಅಂಜುತ್ತಾಳೆ, ಬೀದಿ ನಾಯಿಗೆ ಅಂಜುತ್ತಾಳೆ, ಬ್ಯಾಂಕಿನಲ್ಲಿ ಕೂತ ಹುಡುಗಿ ತಲೆ ಎತ್ತಿ ನೋಡಿದರೆ ಸಾಕು, ತಾನು ಬಂದ ಕೆಲಸವನ್ನೇ ಮರೆಯುತ್ತಾಳೆ. ಮೊಣಕಾಲು ತೋರಿಸಲು ದವಾಖಾನೆಗೆ ಕರೆದುಕೊಂಡು ಹೋದಾಗ ಲಿಫ್ಟಿಗೆ ಅಂಜಿ, ನೋಯುವ ಅದೇ ಮೊಣಕಾಲಿನ ಮೇಲೆ ಮೂರನೇ ಮಹಡಿಯವರೆಗೆ ಹತ್ತಿದ ಹೆಂಗಸು ಅವಳು. ಮಾಳಮಡ್ಡಿಯ ಅವಳ ಮನೆಯಿಂದ ಸಪ್ತಾಪುರದ ನಮ್ಮ ಮನೆಗೆ ನನ್ನ ಸ್ಕೂಟರಿನ ಹಿಂದೆ ಕೂತು ಬರುವಾಗ ದಾರಿಯುದ್ದಕ್ಕೂ ಶಿವಶಿವಾ ಎನ್ನುತ್ತ ನನ್ನ ಸೊಂಟವನ್ನು ಹಿಂಡಿ ಹಿಪ್ಪೆ ಮಾಡುತ್ತಾಳೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಎಷ್ಟೋ ಸಲ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, "ಇಳಿ ಅತ್ತಿ, ನಡಕೋತ ಬಾ" ಎಂದದ್ದುಂಟು.

ಇಂಥ ಅತ್ತೆ ಒಂದೇ ಒಂದು ಜಾಗದಲ್ಲಿ ಅಂಜುತ್ತಿರಲಿಲ್ಲ. ಅದು ಶಿರಗುಪ್ಪಿಯ ಹತ್ತಿರ ಅವಳ ಗಂಡನ ಮನೆಯವರ ಹೊಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಕೊಡುತ್ತೇವೆ; ಹೊಲ ಇದ್ದವರು ತಮ್ಮ ಹೊಲದಲ್ಲೇ ಕೊಡುತ್ತಾರೆ. ಅತ್ತೆಯ ಗಂಡ ಶಿವಯೋಗೀಶ ಮಾಮಾ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ನಾನು ಸಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಹತ್ತಿಯ ಸುಗ್ಗಿ ಜೋರಾಗಿದ್ದಾಗ, ಅಂಗಡಿಯ ಗಾದಿಯ ಮೇಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅವರಿಗೆ ಮಣ್ಣು ಕೊಟ್ಟಲ್ಲಿ ಕಟ್ಟಿದ ಗದ್ದುಗೆ ಆ ಹೊಲದ ಮೂಲೆಯಲ್ಲಿ, ದೊಡ್ಡ ಬೇವಿನ ಗಿಡದ ಕೆಳಗಿತ್ತು. ಅಮಾವಾಸ್ಯೆಗೊಮ್ಮೆ ಅತ್ತೆ ಬಸ್ಸು ಹತ್ತಿ ಒಬ್ಬಳೇ ಹೋಗುತ್ತಿದ್ದಳು. ಗದ್ದುಗೆ ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ, ಹೊತ್ತು ಮುಳುಗುವವರೆಗೂ ಅಲ್ಲೇ ಕೂತು ಮನೆಯ ಸುದ್ದಿಯನ್ನೆಲ್ಲ ಗಂಡನಿಗೆ ಹೇಳುತ್ತಿದ್ದಳು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ನಾವು ಕೂತಲ್ಲೇ ಹಾವೊಂದು ಹರಿದು ಹೋಯಿತು. ನಾನು ಚೀರಿ ಬದುವಿನ ಮೇಲೆ ಹಾರಿದೆ. ಅತ್ತೆ ಕಾಲು ಮಡಚಿಕೊಂಡು, ಅದು ಹೋಗುವುದನ್ನು ನೋಡಿ, ಬಿಟ್ಟ ಮಾತನ್ನು ಮತ್ತೆ ಮುಂದುವರಿಸಿದಳು.

ಆ ಹೊಲ ಈಗ ನಮ್ಮದಲ್ಲ. ಮಾಮಾನ ತಮ್ಮ ಬಸವಕಿರಣ ಅದನ್ನು ಗೋದಾಮು ಕಟ್ಟುವವರಿಗೆ ಮಾರಿದ. ಅವನನ್ನೂ ನಾನು ಮಾಮಾ ಎಂದೇ ಕರೆಯಬೇಕು, ಕರೆಯುತ್ತೇನೆ. ಬರೆಯುವಾಗ ಹೆಸರೇ ಸಾಕು. ಗದ್ದುಗೆ ಇರುವ ಮೂಲೆಯನ್ನು ಮುಟ್ಟುವುದಿಲ್ಲ, ಬೇಕಾದಾಗ ಹೋಗಿ ಬರಬಹುದು ಎಂಬ ಮಾತಿನ ಮೇಲೆ ಅತ್ತೆ ಸಹಿ ಹಾಕಿದ್ದಳು. ಬರೀ ಬಾಯಿಮಾತು. ವರ್ಷ ತುಂಬುವುದರೊಳಗೆ ಹೊಲದ ಸುತ್ತ ಆಳೆತ್ತರ ಮೀರಿದ ಗೋಡೆ ಎದ್ದಿತು, ಕಬ್ಬಿಣದ ಗೇಟು ಬಂತು, ಗೇಟಿಗೆ ಕಾವಲುಗಾರ ಬಂದ. "ಮಾಲಕರು ಇಲ್ರಿ ಅಮ್ಮಾರ, ನಾ ಬಿಟ್ರ ನನ್ನ ನೌಕರಿ ಹೋಗ್ತೈತಿ" ಎಂದ. ಅಂದಿನಿಂದ ಅತ್ತೆ ಗೇಟಿನ ಹೊರಗೇ ಕಾಯಿ ಒಡೆದು ತಿರುಗಿ ಬರುತ್ತಿದ್ದಳು. ಹೊರಗಿನಿಂದ ನೋಡಿದರೆ ಗೋಡೆ ಬಿಟ್ಟು ಏನೂ ಕಾಣದು. ಗಿಡದ ತುದಿ ಯಾಕೆ ಕಾಣುವುದಿಲ್ಲ ಎಂದು ಕೇಳಿದರೆ ಬಸವಕಿರಣ, "ಟೊಂಗಿ ಸವರ್ಯಾರ್ರೀ ವೈನಿ. ಗದ್ದಗಿ ಗಟ್ಟ್ಯಾಗಿ ಐತಿ, ನೀವೇನ ಕಾಳಜಿ ಮಾಡಬ್ಯಾಡ್ರಿ" ಎನ್ನುತ್ತಿದ್ದ.

ನಾನು ಅವಳ ಬೆನ್ನು ಬಿದ್ದೆ. ಪೊಲೀಸರಿಗೆ ಹೇಳೋಣ ಎಂದೆ, ನಿಚ್ಚಣಿಕೆ ಹಚ್ಚಿ ಗೋಡೆ ಹತ್ತೋಣ ಎಂದೆ. ಫೋನಿನಲ್ಲಿ ಮೇಲಿನಿಂದ ತೆಗೆದ ನಕಾಶೆ ತೆರೆದು ತೋರಿಸಿದೆ. ಅದರಲ್ಲಿ ಇನ್ನೂ ಗೋಡೆಯೇ ಇರಲಿಲ್ಲ, ಯಾವ ಕಾಲದ ಫೋಟೋವೋ ಏನೋ. ಅತ್ತೆ ಯಾವುದಕ್ಕೂ ಹೂಂ ಅನ್ನಲಿಲ್ಲ. "ಬ್ಯಾಡ ಯವ್ವಾ, ಅಂಜಿಕಿ ಬರತೈತಿ" ಎಂದಳು. ನಾನು ಗೋಡೆಗೋ ಪೊಲೀಸರಿಗೋ ಅಂಜಿದಳು ಎಂದುಕೊಂಡೆ.

ಕಳೆದ ಶ್ರಾವಣದಲ್ಲಿ ಕಾಲೇಜಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಕರುಣಾ ಮನೆಗೆ ಬಂದಿದ್ದಳು. ಬೆಂಗಳೂರಿನಿಂದ ವಿಮಾನದಲ್ಲಿ ಬಂದ ಸಂಭ್ರಮ ಅವಳಿಗೆ. "ಇಳಿಯೂ ಮುಂದ ಶಿರಗುಪ್ಪಿ ಕೆರಿ ಎಷ್ಟ ಛಂದ ಕಂಡ್ತು ಅಂತೀರಿ! ಹೊಲದಾಗ ನಿಂತ ಎತ್ತು ಸುದ್ದಾ ಕಾಣ್ತಿದ್ವು" ಎಂದಳು. ಬಳ್ಳೊಳ್ಳಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ಕರುಣಾ ಹೋದ ಮೇಲೆ ಕೇಳಿದಳು: "ಎತ್ತು ಕಂಡ್ವು ಅಂದ್ರ, ಗಿಡಾನೂ ಕಾಣಬೇಕಲಾ?"

ಲಿಫ್ಟು ಹತ್ತದ ಹೆಂಗಸು ವಿಮಾನ ಹತ್ತುವ ಮಾತಾಡಿದಳು. ನಾನು ನಕ್ಕೆ. ಆದರೆ ಮರುದಿನವೂ ಅದನ್ನೇ ಕೇಳಿದಳು. ಆ ತಿಂಗಳು ಬೆಂಗಳೂರಿನಲ್ಲಿ ನಮ್ಮ ಸಂಬಂಧಿಕರ ಮನೆಯ ಗೃಹಪ್ರವೇಶವಿತ್ತು. ಹೋಗುವಾಗ ರೈಲು, ಬರುವಾಗ ವಿಮಾನ ಎಂದು ಗೊತ್ತುಮಾಡಿದೆವು.

ಸೀಟಿನ ವಿಷಯದಲ್ಲಿ ನಾನು ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವ ಸೌರಭನನ್ನು ಕೇಳಿದೆ. ಅವನು ಔಷಧ ಕಂಪನಿಯ ಕೆಲಸಕ್ಕಾಗಿ ತಿಂಗಳಿಗೆರಡು ಸಲ ಹಾರಾಡುವವನು. ಅತ್ತೆಯ ಎದುರಿಗೆ ಕೂತು ಬಿಡಿಸಿ ಹೇಳಿದ. "ನೋಡ್ರಿ ಅಮ್ಮಾರ, ಇಮಾನ ಯಾವಾಗ್ಲೂ ಗಾಳಿಗೆ ಎದುರಾಗಿ ಇಳೀತೈತಿ. ಈಗ ಮಳಿಗಾಲ, ಗಾಳಿ ಪಡುವಣದಿಂದ ಬೀಸ್ತೈತಿ. ಹಂಗಾಗಿ ಅದು ಗದಗದ ಕಡಿಂದ ಬಂದು ಇಳೀತೈತಿ. ಶಿರಗುಪ್ಪಿ ನಿಮ್ಮ ಬಲಕ್ಕ ಬರತೈತಿ. ಬಲಗಡೆ ಕಿಡಕಿ ಹಿಡೀರಿ. ರೆಕ್ಕಿ ಮ್ಯಾಲಿನ ಸೀಟ್ ಮಾತ್ರ ಬ್ಯಾಡ, ರೆಕ್ಕಿ ಬಿಟ್ಟು ಏನೂ ಕಾಣೂದಿಲ್ಲ. ಹಿಂದ ಕುಂದ್ರ್ರಿ."

"ಹಿಂದ ಕುಂತ್ರ ಎತ್ತಿ ಒಗಿಯೂದಿಲ್ಲೇನಪಾ?" ಎಂದಳು ಅತ್ತೆ. ಬಸ್ಸಿನಲ್ಲಿ ಅವಳು ಎಂದೂ ಹಿಂದೆ ಕೂರುವವಳಲ್ಲ, ಮುಂದೆಯೂ ಕೂರುವವಳಲ್ಲ. ಹಿಂದೆ ಕೂತರೆ ತಗ್ಗಿಗೆ ಎತ್ತಿ ಒಗೆಯುತ್ತದೆ. ಮುಂದೆ ಕೂತರೆ ಎದುರಿನ ಲಾರಿ ಬಂದು ಮೊದಲು ನಮ್ಮ ಮೇಲೇ ಏರುತ್ತದೆ. ನಟ್ಟನಡುವೆ ಕೂತವರೇ ಮನೆ ಮುಟ್ಟುತ್ತಾರೆ. ನಮ್ಮ ಮನೆತನದಲ್ಲಿ ಎಲ್ಲರೂ ಹೀಗೇ ಕೂರುತ್ತ ಬಂದವರು. ಸೌರಭ ನಗುತ್ತ, "ಆಕಾಶದಾಗ ತಗ್ಗು ಇರೂದಿಲ್ರಿ" ಎಂದ. ನಾನು ಅವನು ಹೇಳಿದಂತೆಯೇ ರೆಕ್ಕೆಯ ಹಿಂದೆ, ಬಲಗಡೆಯ ಕಿಟಕಿಯನ್ನೂ ಅದರ ಪಕ್ಕದ್ದನ್ನೂ ಹಿಡಿದೆ.

ಬೆಂಗಳೂರಿನ ಏರ್‌ಪೋರ್ಟಿಗೆ ಕಾಲಿಟ್ಟಾಗಿನಿಂದ ಅತ್ತೆ ನನ್ನ ಸೆರಗು ಬಿಡಲಿಲ್ಲ. ತಾನಾಗಿ ತೆರೆಯುವ ಬಾಗಿಲಿಗೆ ಅಂಜಿದಳು, ತಾನೇ ಮೇಲೇರುವ ಮೆಟ್ಟಿಲಿಗೆ ಅಂಜಿದಳು. ತಪಾಸಣೆಯಲ್ಲಿ ಅವಳ ಕೊರಳಿನ ಬೆಳ್ಳಿ ಕರಡಿಗೆಯ ಹತ್ತಿರ ಯಂತ್ರ ಕೂಗಿಕೊಂಡಾಗ ಇಷ್ಟಲಿಂಗವನ್ನೇ ಕಿತ್ತುಕೊಳ್ಳುತ್ತಾರೆ ಎಂದು ಎರಡೂ ಕೈಯಿಂದ ಅವಚಿಕೊಂಡು ನಿಂತುಬಿಟ್ಟಳು. ತಪಾಸಣೆಯ ಹೆಣ್ಣುಮಗಳು ಒಳ್ಳೆಯವಳು, ಕೈಯಿಂದ ಮುಟ್ಟದೆ ಕಣ್ಣಿಂದ ನೋಡಿ ಬಿಟ್ಟಳು. ಅಷ್ಟಾದರೂ ಅತ್ತೆಯ ಕೈ ಬಹಳ ಹೊತ್ತು ಎದೆಯಿಂದ ಕೆಳಗಿಳಿಯಲಿಲ್ಲ.

ವಿಮಾನದೊಳಗೆ ಹೋಗಿ ಸೀಟು ಹುಡುಕಿದಾಗ ನನ್ನ ತಲೆ ತಿರುಗಿತು. ಕಿಟಕಿಯೇನೋ ಬಲಗಡೆಯದೇ. ಆದರೆ ಅದರ ಹೊರಗೆ ಇದ್ದದ್ದು ಒಂದು ಅಂಗಳದಷ್ಟು ಅಗಲದ ಬೂದು ರೆಕ್ಕೆ. ಕೆಳಗಿನ ನೆಲ ಒಂದು ಚೂರೂ ಕಾಣುತ್ತಿರಲಿಲ್ಲ. ಕೈಯಲ್ಲಿದ್ದ ಚೀಟಿ ನೋಡಿದರೆ ನಾನು ಹಿಡಿದಿದ್ದ ಸೀಟಿನ ನಂಬರೇ ಅಲ್ಲ. ಕೌಂಟರಿನಲ್ಲಿ ನಾನು ಬಗ್ಗಿ ಬ್ಯಾಗಿನ ಬಾಯಿ ಕಟ್ಟುತ್ತಿದ್ದಾಗ, ಅತ್ತೆ ಅಲ್ಲಿನ ಹುಡುಗಿಯ ಜೊತೆ ಪಿಸಪಿಸ ಮಾತಾಡಿದ್ದು ಆಗ ನೆನಪಾಯಿತು.

"ಏನ ಹೇಳಿದಿ ಆ ಹುಡಿಗಿಗೆ?" ಎಂದೆ.

"ನಡಬರಕ ಕೊಡವಾ ಅಂದ್ನಿ."

"ಅತ್ತಿ! ಎದಕ್ಕ ಬಂದೇವಿ ನಾವು? ರೆಕ್ಕಿ ನೋಡಾಕ ಬಂದೇವೇನ?" ನನ್ನ ದನಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ನಿಲ್ಲಿಸಲಿಲ್ಲ. ಬಸ್ಸಿನ ಬುದ್ಧಿ ಬಿಡಲಿಲ್ಲ ನೀನು, ಸೌರಭ ಅಷ್ಟು ಬಡಕೊಂಡು ಹೇಳಿದ, ಇಷ್ಟೆಲ್ಲ ಮಾಡಿ ಎಲ್ಲ ನೀರಾಗ ಹೋಯಿತು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ.

ಅತ್ತೆ ತಲೆ ತಗ್ಗಿಸಿಕೊಂಡು ಬೆಲ್ಟಿನ ಕೊಂಡಿಯನ್ನು ತಿರುವುತ್ತಿದ್ದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಅಂದಳು: "ಬೀಳೂದಕ್ಕಷ್ಟ ಅಂಜಿಲ್ಲ ರಜನಿ. ಗದ್ದಗಿ ಐತಿ ಅಂತ ತಿಳಕೊಂಡು ಇಷ್ಟ ದಿನಾ ಊಟಾ ಮಾಡೇನಿ, ನಿದ್ದಿ ಮಾಡೇನಿ. ನೋಡಿದ ಮ್ಯಾಲೆ ಇಲ್ಲ ಅಂದ್ರ? ರೆಕ್ಕಿ ಅಡ್ಡ ಬರತೈತಿ ಅಂದಿದ್ನಲಾ ಸೌರಭ, ಬಂದ್ರ ಬರಲಿ ಅನಸ್ತು."

ಇಷ್ಟು ವರ್ಷ ಅವಳನ್ನು ಗೋಡೆಗೆ ಅಂಜುವವಳು, ಕಾವಲುಗಾರನಿಗೆ ಅಂಜುವವಳು ಎಂದು ಬೈದಿದ್ದೆ. ಅವಳ ಅಂಜಿಕೆ ಗೋಡೆಯ ಆಚೆಗಿತ್ತು.

ವಿಮಾನ ಓಡತೊಡಗಿತು. ಅತ್ತೆ ನನ್ನ ಮುಂಗೈಯನ್ನು ಹಿಡಿದ ಹಿಡಿತಕ್ಕೆ ಬಳೆ ಚರ್ಮದೊಳಗೆ ಒತ್ತಿತು. ನೆಲ ಬಿಟ್ಟಾಗ ಅವಳ ಬಾಯಿಂದ ಶಿವಶಿವಾ ಕೂಡ ಬರಲಿಲ್ಲ, ಬರೀ ಉಸಿರು ಸಿಕ್ಕಿದ ಸದ್ದು ಬಂತು. ಮೇಲೆ ಹೋದಂತೆ ಮೋಡ. ಶ್ರಾವಣದ ದಟ್ಟ ಮೋಡದಲ್ಲಿ ಹೊಕ್ಕ ವಿಮಾನ ಒಮ್ಮೆ ಕೆಳಗೆ ಕುಸಿಯಿತು, ಒಮ್ಮೆ ಮಗ್ಗುಲಿಗೆ ಹೊಯ್ದಾಡಿತು, ತಲೆಯ ಮೇಲಿನ ಸಾಮಾನಿನ ಖಾನೆಗಳೆಲ್ಲ ಗಡಗಡ ಎಂದವು. ಆಕಾಶದಲ್ಲಿ ತಗ್ಗಿಲ್ಲ ಎಂದ ಸೌರಭ ಎದುರಿಗಿದ್ದರೆ ನಾನು ಅವನ ಕಪಾಳಕ್ಕೆ ಹೊಡೆಯುತ್ತಿದ್ದೆ. ಹಿಂದೆ ಯಾರದೋ ಕೂಸು ಚಿಟ್ಟನೆ ಚೀರಿತು. ನಾವಿಬ್ಬರೂ ಇಲ್ಲೇ ಮುಗಿದೆವು, ಇದನ್ನೆಲ್ಲ ಯಾಕಾದರೂ ಒಪ್ಪಿಕೊಂಡೆನೋ ಎನಿಸಿತು. ಅತ್ತೆಯ ಮುಖ ನೋಡಿದೆ. ವಿಭೂತಿಯ ಮೇಲೆ ಬೆವರು ಹರಿದು ಹಣೆ ಬಿಳಿಬಿಳಿಯಾಗಿತ್ತು.

ಮೋಡ ದಾಟಿ ಮೇಲೆ ಬಂದ ಮೇಲೆ ಅಲುಗಾಟ ನಿಂತಿತು, ಬೆಲ್ಟಿನ ದೀಪ ಆರಿತು. ಅತ್ತೆ ಬಹಳ ಹೊತ್ತು ಅಲುಗದೆ ಕೂತಳು. ಆಮೇಲೆ ಮೈಕಿನಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಹುಬ್ಬಳ್ಳಿಗೆ ಇಳಿಯಲಿದ್ದೇವೆ ಎಂದು ಹೇಳಿದರು. ಹುಬ್ಬಳ್ಳಿ ಎಂಬ ಹೆಸರು ಕೇಳಿದ್ದೇ ಅತ್ತೆ ಬೆಲ್ಟು ಬಿಚ್ಚತೊಡಗಿದಳು.

"ಎಲ್ಲಿಗೆ?"

"ಹಿಂದ ಖಾಲಿ ಜಾಗಾ ಐತೇನ ನೋಡು."

"ಈಗೇನು? ಬ್ಯಾಡಂದ್ಯಲಾ?"

"ಅಷ್ಟ ಅಲಗ್ಯಾಡಿದಾಗ ಸತ್ತೇ ಹೋದ್ನಿ ಅಂತ ಮಾಡಿದ್ನಿ. ಸತ್ತು ಅಲ್ಲಿಗೆ ಹ್ವಾದ್ರ, ಇಷ್ಟ ವರ್ಷಾತು, ನನ್ನ ಜಾಗಾ ಒಮ್ಮೆರೆ ನೋಡಿದ್ಯೇನ ಅಂತ ನಿಮ್ಮ ಮಾಮಾ ಕೇಳ್ತಾರ. ಏನ ಹೇಳ್ಲಿ?" ಎಂದಳು. "ಏಳು. ನನ್ನ ಕೈಕಾಲು ತಣ್ಣಗಾಗ್ಯಾವು. ಹಿಡಕೋ."

ಹಿಂದೆ ಬಲಗಡೆ ಒಂದು ಸಾಲಿನಲ್ಲಿ ಎರಡು ಸೀಟು ಖಾಲಿ ಇದ್ದವು. ವಿಮಾನದ ಹುಡುಗಿ ಗಡಿಯಾರ ನೋಡಿ, "ಬೇಗ ಹೋಗಿ ಕೂತ್ಕೊಳ್ಳಿ, ಈಗ ಬೆಲ್ಟ್ ಹಾಕಬೇಕಾಗುತ್ತೆ" ಎಂದಳು. ನಾನು ಮುಂದೆ, ಅತ್ತೆ ಹಿಂದೆ. ಕಾಲ ಕೆಳಗೆ ತೆಳ್ಳನೆಯ ಹಾಸು, ಅದರ ಕೆಳಗೆ ಏನೂ ಇಲ್ಲ ಎಂಬುದು ನಡೆಯುವಾಗ ಕಾಲಿಗೇ ಗೊತ್ತಾಗುತ್ತಿತ್ತು. ಅತ್ತೆ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂದಳು, ಒಂದೊಂದು ಸೀಟಿನ ಬೆನ್ನನ್ನೂ ತಬ್ಬಿ ಹಿಡಿದು. ನಡುವೆ ಒಮ್ಮೆ ವಿಮಾನ ಜೋಲಿ ಹೊಡೆಯಿತು. ಅವಳು ಯಾರದೋ ತಲೆಯನ್ನೇ ಹಿಡಿದುಕೊಂಡಳು. ಆ ಮನುಷ್ಯ ಏನೂ ಅನ್ನದೆ ಅವಳ ಮೊಣಕೈ ಹಿಡಿದು ನಿಲ್ಲಿಸಿದ. ತಿರುಗಿ ಹೋಗೋಣವೇ ಎಂದೆ. ತಲೆ ಅಲ್ಲಾಡಿಸಿದಳು, ಹಲ್ಲು ಕಚ್ಚಿಕೊಂಡಿದ್ದಳು.

ಆ ಸಾಲು ಮುಟ್ಟಿದ ಮೇಲೆ ನನ್ನನ್ನು ಕಿಟಕಿಗೆ ದಬ್ಬಿ, ತಾನು ಪಕ್ಕಕ್ಕೆ ಕೂತು ಬೆಲ್ಟು ಬಿಗಿದುಕೊಂಡಳು. "ನೀ ನೋಡು. ನಾ ಕಣ್ಣ ಮುಚ್ಚೇನಿ" ಎಂದಳು.

ಕಿಟಕಿಯ ತುಂಬ ಮೋಡ. ರೆಕ್ಕೆ ಈಗ ಮುಂದೆ ಉಳಿದಿತ್ತು, ಅಡ್ಡ ಬರುವುದು ಏನೂ ಇರಲಿಲ್ಲ, ಆದರೆ ಕಾಣುವುದೂ ಏನೂ ಇರಲಿಲ್ಲ. ಮತ್ತೆ ಅಲುಗಾಟ ಶುರುವಾಯಿತು. ಅತ್ತೆ ನನ್ನ ಕೈ ಹುಡುಕಿ ಹಿಡಿದಳು. ಮೋಡ ಹೀಗೇ ನೆಲದವರೆಗೂ ಇದ್ದುಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವಳ ಅಂಜಿಕೆ ಅಷ್ಟು ಹೊತ್ತಿಗೆ ನನಗೂ ಅಂಟಿತ್ತು.

ಮೋಡ ಹರಿಯಿತು. ಕೆಳಗೆ ಎರೆಹೊಲ, ಹೆಸರು ಬೆಳೆಯ ಹಸಿರು, ಗದಗದ ರಸ್ತೆಯ ಮೇಲೆ ಹುಳುವಿನಂತೆ ಲಾರಿಗಳು. ಕರುಣಾ ಹೇಳಿದ್ದು ಖರೆ. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕೆರೆ ಬಂತು, ಊರಿನ ನೀರಿನ ಟಾಕಿ ಬಂತು. ಕೆರೆಯ ಆಚೆಗಿನ ಗೋಡೆಯನ್ನು ಹುಡುಕುವುದೇ ಬೇಕಾಗಲಿಲ್ಲ. ಅಷ್ಟು ದೊಡ್ಡ ಗೋಡೆ ಆ ಸೀಮೆಯಲ್ಲಿ ಇನ್ನೊಂದಿಲ್ಲ. ಗೋಡೆಯಿಂದ ಗೋಡೆಯವರೆಗೆ ನೀಲಿ ತಗಡು ಹೊದಿಸಿದ ಗೋದಾಮು. ಮೂಡಣ ಮೂಲೆಯಲ್ಲಿ ಮಾತ್ರ ತಗಡು ಇರಲಿಲ್ಲ. ಅಲ್ಲಿ ಸಿಮೆಂಟು ಬಳಿದಿದ್ದರು, ಅದರ ಮೇಲೆ ಮೂರು ಲಾರಿ ನಿಂತಿದ್ದವು. ಗದ್ದುಗೆ ಇದ್ದದ್ದು ಆ ಮೂಲೆಯಲ್ಲೇ.

"ಬಂತೇನ?" ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ.

"ಬಂತು."

"ಐತೇನ?"

ನನ್ನ ನಾಲಿಗೆ ಊರಿಗೆಲ್ಲ ಗೊತ್ತು. ಎಂಥವರಿಗೂ ಎದುರು ಮಾತು ಕೊಟ್ಟವಳು ನಾನು. ಆಗ ಐತಿ ಎನ್ನಲೂ ಬರಲಿಲ್ಲ, ಇಲ್ಲ ಎನ್ನಲೂ ಬರಲಿಲ್ಲ. ನಾನು ಸುಮ್ಮನಿದ್ದುದನ್ನು ಅವಳು ಕೇಳಿಸಿಕೊಂಡಳು. ಕಣ್ಣು ತೆರೆದು, ನನ್ನ ಮೈಮೇಲೆ ಬಗ್ಗಿ, ಗಾಜಿಗೆ ಹಣೆ ಹಚ್ಚಿ ನೋಡಿದಳು. ಆ ಗೋಡೆ ಹಿಂದೆ ಸರಿದು ಮರೆಯಾಗುವವರೆಗೂ ನೋಡಿದಳು.

"ಇಲ್ಲ" ಎಂದಳು.

ಅಷ್ಟೇ. ಅಳಲಿಲ್ಲ. ನಾನು ಅವಳ ಕೈ ಹಿಡಿಯಲು ಹೋದರೆ ಅದು ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು, ಏನನ್ನೂ ಹಿಡಿದಿರಲಿಲ್ಲ. ಕೆಳಗೆ ಹುಬ್ಬಳ್ಳಿಯ ಮನೆಗಳು ಬಂದವು, ಮಾಳಿಗೆಗಳು ಬಂದವು, ನೆಲ ನಮ್ಮ ಕಡೆ ಧಾವಿಸಿ ಬಂತು. ಗಾಲಿ ನೆಲಕ್ಕೆ ಬಡಿದಾಗ ವಿಮಾನವೆಲ್ಲ ನಡುಗಿತು, ನಾನು ಚೀರಿದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು.

ಹೊರಗೆ ಬಸವಕಿರಣ ಕಾರು ತಂದು ಕಾಯುತ್ತಿದ್ದ. ತನ್ನ ಅತ್ತಿಗೆ ವಿಮಾನ ಹತ್ತಿದ್ದೇ ಅವನಿಗೊಂದು ಮೋಜು. "ಬರ್ರಿ ವೈನಿ, ಬರ್ರಿ! ಅಂಜಿಕಿ ಬಂತೇನ್ರಿ ಮ್ಯಾಲೆ?" ಎಂದು ಗಟ್ಟಿಯಾಗಿ ನಕ್ಕ.

"ಬಂತು" ಎಂದಳು ಅತ್ತೆ. "ಬಸವಕಿರಣ, ಬೇವಿನ ಗಿಡಾ ಎಲ್ಲೈತಿ?"

"ಅಲ್ಲೇ ಐತ್ರಿ. ಯಾಕ್ರಿ, ಈಗ್ಯಾಕ ಆ ಮಾತು?"

"ನಾ ಮ್ಯಾಲಿಂದ ನೋಡಿ ಬಂದೇನಿ."

ಅವನು ಒಮ್ಮೆ ಆಕಾಶದ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಮುಖದಲ್ಲಿ ನಗು ಹಾಗೇ ನಿಂತಿತ್ತು, ತೆಗೆಯುವುದು ಹೇಗೆಂದು ಅವನಿಗೆ ತಿಳಿಯದಂತೆ. "ವೈನಿ, ಲಾರಿ ತಿರಗಾಕ ಜಾಗಾ ಸಾಲೂದಿಲ್ಲ ಅಂದ್ರು. ನನಗ ಒಂದ ಮಾತು ಕೇಳಲಿಲ್ರಿ. ಗ್ವಾಡಿ ಎದ್ದ ವರ್ಷನ ತಗದ್ರು. ನಿಮಗ ಹೆಂಗ ಹೇಳೂದು ಅಂತ ಅಂಜಿ..."

"ಅವರನ್ನ ಎಲ್ಲೆ ಹಾಕಿದ್ರಿ?"

ಜನ ಸಾಮಾನು ತಳ್ಳಿಕೊಂಡು ನಮ್ಮ ಸುತ್ತ ಹೋಗುತ್ತಿದ್ದರು. ಬಸವಕಿರಣ ಅವರಿಗೆ ದಾರಿ ಬಿಟ್ಟು ಸರಿದ. "ಜೆಸಿಬಿ ಹಚ್ಚಿದ್ರು. ಮಣ್ಣೆಲ್ಲಾ ಟಿಪ್ಪರಿಗೆ ತುಂಬಿ ಒಯ್ದ್ರು. ಎಲ್ಲೆ ಸುರುವ್ಯಾರೋ ನನಗ ಖರೇ ಗೊತ್ತಿಲ್ರಿ ವೈನಿ."

ನಾನು ಬಾಯಿ ತೆರೆದೆ. ಅವನಿಗೆ ಹೇಳಬೇಕೆಂದು ವರ್ಷಗಟ್ಟಲೆ ಕೂಡಿಟ್ಟುಕೊಂಡ ಮಾತುಗಳಿದ್ದವು. ಅತ್ತೆ ಕೈ ಎತ್ತಿ ನನ್ನನ್ನು ತಡೆದಳು.

"ಮಾಲಕಗ ಗೊತ್ತಿರತೈತಿ" ಎಂದಳು. "ನಡಿ, ಅಂವನ ಹಂತ್ಯಾಕ."

"ಈಗ್ರಿ? ಮನಿಗೆ ಹೋಗಿ, ಒಂದಿಷ್ಟು ಊಟಾ ಮಾಡಿ... ಅಂವ ಸರಳ ಮನಷ್ಯಾ ಅಲ್ರಿ ವೈನಿ, ದೊಡ್ಡ ದೊಡ್ಡ ಮಂದಿ ಕೂಡ ಅದಾನ."

"ಈಗ."

ಬಸವಕಿರಣ ಕಿಸೆಯಿಂದ ಕಾರಿನ ಕೀಲಿ ತೆಗೆದ. ಬಾಗಿಲ ತೂತಿಗೆ ಅದು ಹೋಗಲೊಲ್ಲದು. ಜಾರಿ ಕೆಳಗೆ ಬಿತ್ತು. ಅವನು ಎತ್ತಿಕೊಳ್ಳದೆ ಅದನ್ನೇ ನೋಡುತ್ತ ನಿಂತ. ಅತ್ತೆ ನೋಯುವ ಮೊಣಕಾಲನ್ನು ಹಿಡಿದುಕೊಂಡು ಬಗ್ಗಿ ಕೀಲಿ ಎತ್ತಿದಳು. ಅವನ ಕೈಯಲ್ಲಿಟ್ಟು, ಬೆರಳು ಮುಚ್ಚಿಸಿದಳು.

"ಅಂಜಬ್ಯಾಡ" ಎಂದಳು. "ಮಾತಾಡಾಕಿ ನಾ ಅದೇನಿ. ನೀ ಬರೇ ಮನಿ ತೋರಸು."

ನಾನು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಕಾರು ಗೋಕುಲ ರಸ್ತೆಗೆ ಬಂದಾಗ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಎದುರಿನ ದಾರಿ ನೋಡುತ್ತಿದ್ದಳು.